ಪುತ್ತೂರು ಕೋಟಿ-ಚೆನ್ನಯ ಜೋಡುಕರೆ ಕಂಬಳ

ಪುತ್ತೂರು ಕೋಟಿ-ಚೆನ್ನಯ ಜೋಡುಕರೆ ಕಂಬಳವು ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು ಪಟ್ಟಣದಲ್ಲಿ, ಮಹತೋಭಾರ ಶ್ರೀ ಮಹಾಲಿಂಗೇಶ್ವರ ದೇವಸ್ಥಾನದ ಎದುರಿನ ದೇವರಮಾರು ಗದ್ದೆಯಲ್ಲಿ ನಡೆಯುವ ಕೋಣಗಳ ಓಟದ ಸ್ಪರ್ಧೆಯಾಗಿದೆ. ಕೆಸರುಗದ್ದೆಯಲ್ಲಿ ಅಕ್ಕಪಕ್ಕದಲ್ಲಿ ನಿರ್ಮಿಸಿದ ಎರಡು ಓಟದ ಪಥಗಳಲ್ಲಿ ಎರಡು ಜೊತೆ ಕೋಣಗಳು ಏಕಕಾಲದಲ್ಲಿ ಓಡುವುದರಿಂದ ಇದಕ್ಕೆ ಜೋಡುಕರೆ ಎಂಬ ಹೆಸರು ಬಂದಿದೆ. ತುಳುನಾಡಿನಲ್ಲಿ ಕಂಬಳದ ಋತುವು ಸಾಮಾನ್ಯವಾಗಿ ನವೆಂಬರಿನಿಂದ ಮಾರ್ಚ್‌ವರೆಗೆ ಇರುತ್ತದೆ. ಪುತ್ತೂರು ತಾಲೂಕಿನ ಉಪ್ಪಿನಂಗಡಿಯಲ್ಲಿ ವಿಜಯ-ವಿಕ್ರಮ ಎಂಬ ಹೆಸರಿನ ಇನ್ನೊಂದು ಜೋಡುಕರೆ ಕಂಬಳವೂ ನಡೆಯುತ್ತದೆ.

ಹೆಸರಿನ ಹಿನ್ನೆಲೆ

ಕೋಟಿ ಮತ್ತು ಚೆನ್ನಯರು ತುಳು ಪಾಡ್ದನಗಳಲ್ಲಿ ಕೊಂಡಾಡಲ್ಪಟ್ಟ ಅವಳಿ ವೀರರು. ಇವರ ಕಥೆಯು ಬಹುಮಟ್ಟಿಗೆ ಈ ಸೀಮೆಯಲ್ಲಿಯೇ ನಡೆಯುತ್ತದೆ. ದೇಯಿ ಬೈದೆತಿಯ ಮಕ್ಕಳಾದ ಇವರು ಪುತ್ತೂರು ತಾಲೂಕಿನ ಪಡುಮಲೆಯಲ್ಲಿ ಬೆಳೆದು, ಪಂಜವನ್ನು ಹಾದು, ಸುಳ್ಯ-ಕಡಬ ಭಾಗದ ಎಣ್ಮೂರಿನಲ್ಲಿ ಆಶ್ರಯ ಪಡೆದು ಅಲ್ಲಿಯೇ ಯುದ್ಧದಲ್ಲಿ ಮಡಿದರೆಂದು ಪಾಡ್ದನ ಹೇಳುತ್ತದೆ. ಪಡುಮಲೆಯ ಬುದ್ಯಂತನೊಡನೆ ಅವಳಿಗಳಿಗೆ ಉಂಟಾದ ವೈರಕ್ಕೆ ಗದ್ದೆಯ ಉಳುಮೆ ಹಾಗೂ ನೀರಿನ ಜಗಳವೇ ಕಾರಣವಾಗಿತ್ತು. ಆದುದರಿಂದ ಗದ್ದೆಯ ಸ್ಪರ್ಧೆಯೊಂದಕ್ಕೆ ಇವರ ಹೆಸರನ್ನು ಇಟ್ಟಿರುವುದು ಕೇವಲ ಅಲಂಕಾರಕ್ಕಾಗಿ ಅಲ್ಲವೆನ್ನಬಹುದು.

ಓಟದ ವಿಭಾಗಗಳು

ಕಂಬಳವನ್ನು ಒಂದೇ ಓಟವೆಂದು ಭಾವಿಸುವುದು ಹೊರಗಿನವರಲ್ಲಿ ಸಾಮಾನ್ಯವಾಗಿ ಕಂಡುಬರುವ ತಪ್ಪು. ವಾಸ್ತವವಾಗಿ ಇದು ಬೇರೆ ಬೇರೆ ಸಾಮರ್ಥ್ಯಗಳನ್ನು ಪರೀಕ್ಷಿಸುವ ಹಲವು ಓಟಗಳ ಕೂಟ. ಹಗ್ಗ ಮತ್ತು ನೇಗಿಲು ವಿಭಾಗಗಳಲ್ಲಿ ಹಿರಿಯ, ಕಿರಿಯ ಎಂಬ ಭೇದವಿದೆ. ಅಡ್ಡಹಲಗೆ ಮತ್ತು ಕನೆಹಲಗೆ ಎಂಬವು ಉಳಿದ ಎರಡು ವಿಭಾಗಗಳು.

ನೇಗಿಲು ವಿಭಾಗದಲ್ಲಿ ಕೋಣಗಳ ನೊಗಕ್ಕೆ ಹಗುರವಾದ ಮರದ ನೇಗಿಲನ್ನು ಕಟ್ಟಲಾಗುತ್ತದೆ. ಓಡಿಸುವವನು ಅದನ್ನು ಹಿಡಿದು ಓಡುತ್ತಾನೆ. ಓಟಕ್ಕೆ ಹೊಸತಾಗಿ ಇಳಿಯುವ ಕೋಣಗಳು ಹೆಚ್ಚಾಗಿ ಈ ವಿಭಾಗದಿಂದಲೇ ಆರಂಭಿಸುತ್ತವೆ. ಹಗ್ಗದ ವಿಭಾಗದಲ್ಲಿ ಹಿಡಿದುಕೊಳ್ಳಲು ಹಗ್ಗವಲ್ಲದೆ ಬೇರೇನೂ ಇರುವುದಿಲ್ಲ. ಪಳಗಿದ, ಅತಿ ವೇಗದ ಕೋಣಗಳು ಇದರಲ್ಲಿ ಓಡುವುದರಿಂದ ಕೋಣಗಳ ವೇಗಕ್ಕೆ ಸರಿಸಮನಾಗಿ ಮನುಷ್ಯನೂ ಓಡಬೇಕಾಗುತ್ತದೆ. ಮೊಣಕಾಲಿನ ಕೆಳಗೆ ಕೆಸರುನೀರು, ಮುಂದೆ ಎರಡು ಕೋಣಗಳ ಸೆಳೆತ, ಮುಖಕ್ಕೆ ಎರಚುವ ರಾಡಿ. ಕಾಲು ಒಮ್ಮೆ ತಪ್ಪಿದರೆ ಮಂಜೊಟ್ಟಿಯವರೆಗೂ ಎಳೆದೊಯ್ಯಲ್ಪಡುವ ಅಪಾಯವಿದೆ.

ಅಡ್ಡಹಲಗೆಯಲ್ಲಿ ಓಡುವ ಬದಲು, ಕೋಣಗಳು ಎಳೆಯುವ ಅಡ್ಡ ಹಲಗೆಯ ಮೇಲೆ ನಿಲ್ಲಬೇಕು. ಇಲ್ಲಿ ಪರೀಕ್ಷೆಗೆ ಒಳಗಾಗುವುದು ಸಮತೋಲನ. ಕನೆಹಲಗೆಯು ಎಲ್ಲಕ್ಕಿಂತ ಭಿನ್ನ. ತೂತುಗಳಿರುವ ಮರದ ಹಲಗೆಯ ಮೇಲೆ ಒಂದು ಕಾಲನ್ನು ಊರಿ ನಿಂತು ಸಾಗುವಾಗ ಆ ತೂತುಗಳ ಮೂಲಕ ನೀರು ಮೇಲಕ್ಕೆ ಚಿಮ್ಮುತ್ತದೆ. ಪಥದ ಮೇಲೆ ಅಡ್ಡಲಾಗಿ ಎತ್ತರದಲ್ಲಿ ಕಟ್ಟಿದ ಬಟ್ಟೆಯ ನಿಶಾನೆಗೆ ಆ ನೀರು ತಾಗಬೇಕು. ಆರೂವರೆ ಕೋಲು ಮತ್ತು ಏಳೂವರೆ ಕೋಲು ಎಂಬವು ಈ ನಿಶಾನೆಯ ಪ್ರಸಿದ್ಧ ಎತ್ತರಗಳು. ಇಲ್ಲಿ ಮೊದಲು ಗುರಿ ತಲುಪಿದವರು ಯಾರೆಂಬುದು ಮುಖ್ಯವಲ್ಲ. ನೀರು ಎಷ್ಟು ಎತ್ತರಕ್ಕೆ ಹಾರಿತೆಂಬುದೇ ಮುಖ್ಯ.

ಒಂದು ಜೊತೆ ಕೋಣ ತನ್ನ ವಿಭಾಗದಲ್ಲಿ ಮಾತ್ರ ಓಡುತ್ತದೆ. ಆದರೆ ಓಡಿಸುವವನು ಒಂದೇ ಕಂಬಳದಲ್ಲಿ ಬೇರೆ ಬೇರೆ ಯಜಮಾನರ ಕೋಣಗಳನ್ನು ಬೇರೆ ಬೇರೆ ವಿಭಾಗಗಳಲ್ಲಿ ಓಡಿಸಬಹುದು. ಸೋತ ಜೊತೆ ಹೊರಬಿದ್ದು ಗೆದ್ದದ್ದು ಮುಂದಿನ ಸುತ್ತಿಗೆ ಹೋಗುವ ಕ್ರಮವಿರುವುದರಿಂದ, ಹಗಲು ಆರಂಭವಾದ ಕೂಟವು ರಾತ್ರಿಯನ್ನು ದಾಟಿ ಮರುದಿನದವರೆಗೂ ಸಾಗುತ್ತದೆ. ಅಷ್ಟು ಹೊತ್ತಿನಲ್ಲಿ ಒಬ್ಬನೇ ಹಲವು ಬಾರಿ ಗಂತಿನಿಂದ, ಅಂದರೆ ಓಟ ಆರಂಭವಾಗುವ ತುದಿಯಿಂದ, ಹೊರಡಬೇಕಾಗುತ್ತದೆ. ದಶಮುಖ ಸ್ಪರ್ಧೆಯಂತೆ ಇಲ್ಲಿ ಅಂಕಗಳನ್ನು ಕೂಡಿಸುವುದಿಲ್ಲ. ಪ್ರತಿ ವಿಭಾಗಕ್ಕೂ ಪ್ರತ್ಯೇಕ ಬಹುಮಾನ. ಆದರೂ ಓಟಗಾರನ ಸರ್ವಾಂಗೀಣ ಸಾಮರ್ಥ್ಯಕ್ಕೆ ಇದಕ್ಕಿಂತ ಕಠಿಣವಾದ ಪರೀಕ್ಷೆ ಕರಾವಳಿಯಲ್ಲಿ ಬೇರೆ ಇಲ್ಲ.

ವೇಗದ ಲೆಕ್ಕ

2020ರ ಫೆಬ್ರವರಿ 1ರಂದು ಐಕಳ ಕಂಬಳದಲ್ಲಿ ಮಿಜಾರಿನ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡುಗಳಲ್ಲಿ ಕ್ರಮಿಸಿದರು. ಇದನ್ನು 100 ಮೀಟರಿಗೆ ಇಳಿಸಿ 9.55 ಸೆಕೆಂಡು ಎಂದು ಲೆಕ್ಕ ಹಾಕಿದ ಪತ್ರಿಕೆಗಳು, ಉಸೇನ್ ಬೋಲ್ಟ್ ಅವರ 9.58 ಸೆಕೆಂಡುಗಳ ವಿಶ್ವದಾಖಲೆಗೆ ಹೋಲಿಸಿದವು. ಕೇಂದ್ರ ಕ್ರೀಡಾ ಸಚಿವರು ಆಯ್ಕೆ ಪರೀಕ್ಷೆಗೆ ಆಹ್ವಾನವನ್ನೂ ನೀಡಿದರು. ಗೌಡರು ಆ ಪರೀಕ್ಷೆಗೆ ಹೋಗಲಿಲ್ಲ. ಕಂಬಳಕ್ಕೂ ಟ್ರ್ಯಾಕಿನ ಓಟಕ್ಕೂ ವ್ಯತ್ಯಾಸವಿದೆಯೆಂದು ಸ್ಪಷ್ಟಪಡಿಸಿದರು.

ಅವರ ಮಾತು ಲೆಕ್ಕಕ್ಕೂ ಸರಿಹೊಂದುತ್ತದೆ. 100 ಮೀಟರ್ ಓಟದಲ್ಲಿ ವೇಗ ಹೆಚ್ಚಿಸಿಕೊಳ್ಳುವ ಆರಂಭದ ಭಾಗವೇ ಹೆಚ್ಚು ಕಾಲವನ್ನು ತಿನ್ನುತ್ತದೆ. ದೂರ ಸ್ವಲ್ಪ ಹೆಚ್ಚಾದರೆ ಸರಾಸರಿ ವೇಗ ತಾನಾಗಿ ಏರುತ್ತದೆ. ಬೋಲ್ಟ್ 2009ರಲ್ಲಿ ಮ್ಯಾಂಚೆಸ್ಟರಿನಲ್ಲಿ 150 ಮೀಟರನ್ನು 14.35 ಸೆಕೆಂಡುಗಳಲ್ಲಿ ಓಡಿದ್ದರು. ಅದರ ಸರಾಸರಿ ಸೆಕೆಂಡಿಗೆ 10.45 ಮೀಟರ್, ಗೌಡರದು 10.46. ಆದುದರಿಂದ ನ್ಯಾಯವಾದ ಹೋಲಿಕೆ ಇಲ್ಲಿಯೇ ಇದೆ. ಆದರೆ ಒಬ್ಬರನ್ನು ಕೋಣಗಳು ಎಳೆಯುತ್ತವೆ, ಇನ್ನೊಬ್ಬರ ಪಾದದಡಿ ಗಟ್ಟಿಯಾದ ಒಣ ನೆಲವಿದೆ. ಈ ಎರಡನ್ನೂ ಒಂದೇ ಪಟ್ಟಿಯಲ್ಲಿ ಬರೆಯುವಂತಿಲ್ಲ.

ಕಾನೂನು ಮತ್ತು ಮುಂದುವರಿಕೆ

2014ರ ಮೇ 7ರಂದು ಜಲ್ಲಿಕಟ್ಟಿನ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ನೀಡಿದ ತೀರ್ಪಿನ ಪರಿಣಾಮ ಕಂಬಳದ ಮೇಲೂ ಆಯಿತು. 2016ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಕಂಬಳಗಳಿಗೆ ತಡೆ ನೀಡಿತು. ಕೋಣಗಳಿಗೆ ಹೊಡೆಯುವುದರ ಬಗ್ಗೆ ಪ್ರಾಣಿದಯಾ ಸಂಘಟನೆಗಳ ಆಕ್ಷೇಪವೇ ಇಡೀ ವಿವಾದದ ತಿರುಳಾಗಿತ್ತು. ಅದು ಆಧಾರರಹಿತವಾದುದೇನೂ ಅಲ್ಲ. 2017ರಲ್ಲಿ ರಾಜ್ಯವು ಪ್ರಾಣಿಗಳ ಮೇಲಿನ ಹಿಂಸೆ ತಡೆ ಕಾಯಿದೆಗೆ ತಿದ್ದುಪಡಿ ತಂದು ಕಂಬಳಕ್ಕೆ ಅವಕಾಶ ಕಲ್ಪಿಸಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು ಈ ತಿದ್ದುಪಡಿಯನ್ನು ಎತ್ತಿಹಿಡಿಯಿತು.

ಕಾನೂನಿನ ತೊಡಕು ಬಗೆಹರಿದರೂ ಗದ್ದೆಯ ತೊಡಕು ಉಳಿದಿದೆ. ಪುತ್ತೂರು, ಸುಳ್ಯ ಹಾಗೂ ಇವೆರಡು ತಾಲೂಕುಗಳಿಂದ ಬೇರ್ಪಡಿಸಿ ರಚಿಸಲಾದ ಕಡಬ ತಾಲೂಕುಗಳಲ್ಲಿ ಅಡಿಕೆ ಮತ್ತು ರಬ್ಬರ್ ತೋಟಗಳು ವಿಸ್ತರಿಸಿ ಭತ್ತದ ಬೇಸಾಯ ಕುಗ್ಗಿದೆ. ಉಳುಮೆಗೆ ಯಂತ್ರ ಬಂದ ಮೇಲೆ ಕೋಣಗಳನ್ನು ಸಾಕುವುದು ಓಟಕ್ಕಾಗಿ ಮಾತ್ರ. ಹುರುಳಿಯ ಮೇವು, ಎಣ್ಣೆಯ ತಿಕ್ಕಾಟ, ಈಜಿನ ಅಭ್ಯಾಸ, ಕುದಿ ಎಂದು ಕರೆಯಲಾಗುವ ತಾಲೀಮು ಓಟ, ಇವೆಲ್ಲದರ ಖರ್ಚನ್ನು ಯಜಮಾನನು ಭರಿಸಬೇಕು. ಸಣ್ಣ ಹಿಡುವಳಿಯ ಕೃಷಿಕನಿಗೆ ಇದು ಸುಲಭವಲ್ಲ.