ಟರೆಟ್ ಕಳಚಿದ ಟ್ಯಾಂಕಿಗೊಂದು ಅರ್ಜಿ

ನಮ್ಮ ಮನೆ ಮಂಗಳೂರಿನ ಶಕ್ತಿನಗರದಲ್ಲಿ. ತಂಗಿಯ ಮಗ ಇಂಜಿನಿಯರಿಂಗ್ ಓದುತ್ತ ನಮ್ಮಲ್ಲೇ ಇದ್ದಾನೆ. ಕಳೆದ ಮಳೆಗಾಲದ ಒಂದು ರಾತ್ರಿ ಲ್ಯಾಪ್‌ಟಾಪ್ ಹಿಡಿದುಕೊಂಡು ನನ್ನ ಕೋಣೆಗೆ ಬಂದ. “ಮಾವ, ನಿಮ್ಮಿಂದ ಒಂದು ಉಪಕಾರ ಆಗ್ಬೇಕು. ಒಂದು ಟ್ಯಾಂಕಿಗೆ ಅರ್ಜಿ ಬರೀಲಿಕ್ಕುಂಟು” ಎಂದ. ನಾನು ಮೊದಲು ನೀರಿನ ಟ್ಯಾಂಕ್ ಎಂದುಕೊಂಡೆ.

ಅವನು ಆಡುವುದು ವಾರ್ ಥಂಡರ್ ಎಂಬ ಆನ್‌ಲೈನ್ ಆಟ. ಜಗತ್ತಿನ ಸೈನ್ಯಗಳು ಬಳಸಿದ ಟ್ಯಾಂಕು, ವಿಮಾನ, ಹಡಗುಗಳು ಅದರಲ್ಲಿ ದೇಶವಾರು ಸಾಲಾಗಿ ನಿಂತಿವೆ. ಒಂದೊಂದಕ್ಕೂ ಉಕ್ಕಿನ ದಪ್ಪ, ಫಿರಂಗಿಯ ಅಳತೆ, ಎಂಜಿನ್ನಿನ ಶಕ್ತಿ ಎಲ್ಲವನ್ನೂ ಲೆಕ್ಕ ಹಾಕಿ ಇಟ್ಟಿದ್ದಾರೆ. ಯಾವುದಾದರೂ ವಾಹನ ಬಿಟ್ಟುಹೋಗಿದ್ದರೆ ಆಟಗಾರರೇ ಪ್ರಸ್ತಾವ ಸಲ್ಲಿಸಬಹುದು. ಆದರೆ ಅದರ ಜತೆ ಆಧಾರ ಕೊಡಬೇಕು. ಭಾರತದ ಟಿ-90 ಭೀಷ್ಮ ಆ ಆಟದಲ್ಲಿ ಬ್ರಿಟನ್ನಿನ ಸಾಲಿನಲ್ಲಿ ನಿಂತಿದೆ. ಹುಡುಗನ ಸಿಟ್ಟಿಗೆ ಅದೇ ಕಾರಣ. “ಸ್ವಾತಂತ್ರ್ಯ ಬಂದು ಇಷ್ಟು ವರ್ಷ ಆಯ್ತು. ಇನ್ನೂ ಅವರ ಸಾಲಲ್ಲೇ ನಿಲ್ಬೇಕಾ ನಾವು?”

ಮೊದಲು ನಾವು ಯೋಚಿಸಿದ್ದು ವಿಜಯಂತ. ಚೆನ್ನೈ ಹತ್ತಿರದ ಆವಡಿಯ ಕಾರ್ಖಾನೆಯಲ್ಲಿ ತಯಾರಾದ, 105 ಮಿಮೀ ಫಿರಂಗಿಯ ಟ್ಯಾಂಕು. ಆದರೆ ಅದರ ವಿನ್ಯಾಸ ಬ್ರಿಟನ್ನಿನ ವಿಕರ್ಸ್ ಕಂಪನಿಯದು. ಅಲ್ಲಿಗೆ ಸುತ್ತಿ ಬಳಸಿ ಮತ್ತೆ ಬ್ರಿಟನ್ನಿಗೇ ಬಂದಂತಾಯಿತು. ಆಗ ನಾನೇ ಹೇಳಿದೆ: “ತಯಾರಿಸಿದವರು ಯಾರು ಅಂತ ಹುಡುಕುವುದು ಬಿಡು ಮಾರಾಯ. ಓಡಿಸಿದವರು ಯಾರು ಅಂತ ನೋಡುವ. ಜೋಜಿಲಾದ ಸ್ಟುವರ್ಟ್ ಗೊತ್ತುಂಟಾ?”

ಗೊತ್ತಿರಲಿಲ್ಲ. ಹೇಳಿದೆ.

1948ರ ಬೇಸಿಗೆಯ ಹೊತ್ತಿಗೆ ದ್ರಾಸ್, ಕಾರ್ಗಿಲ್‌ಗಳ ಜತೆ ಜೋಜಿಲಾ ಕಣಿವೆದಾರಿಯೂ ಪಾಕಿಸ್ತಾನದ ಕಡೆಯ ಪಡೆಗಳ ಕೈಯಲ್ಲಿತ್ತು. ಶ್ರೀನಗರದಿಂದ ಲೇಹ್‌ಗೆ ಹೋಗುವ ರಸ್ತೆ ಅದರ ಮೇಲೆಯೇ ಹಾದುಹೋಗುತ್ತದೆ. ಎತ್ತರ ಸುಮಾರು 3,500 ಮೀಟರ್. ಸೆಪ್ಟೆಂಬರಿನಲ್ಲಿ ಕಾಲಾಳುಗಳು ನಡೆಸಿದ ದಾಳಿಗಳು ವಿಫಲವಾದವು. ಎರಡೂ ಬದಿಯ ಬಂಡೆಗಳ ಮರೆಯಲ್ಲಿ ಮೆಷಿನ್‌ಗನ್ ಹಿಡಿದು ಕುಳಿತವರನ್ನು ಕೆಳಗಿನಿಂದ ಏಳಿಸುವುದು ಸಾಧ್ಯವಾಗಲಿಲ್ಲ. ಹಿಮ ಬಿದ್ದು ದಾರಿ ಮುಚ್ಚಿದರೆ ಚಳಿಗಾಲವಿಡೀ ಲೇಹ್ ಒಂಟಿಯಾಗುತ್ತಿತ್ತು.

ಅಲ್ಲಿನ ಡಿವಿಷನ್ನಿನ ಮುಖ್ಯಸ್ಥರು ಮೇಜರ್ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ, ಮಡಿಕೇರಿಯವರು. ಅವರ ಮೇಲಿನ ಪಶ್ಚಿಮ ಕಮಾಂಡಿನಲ್ಲಿದ್ದ ಕಾರ್ಯಪ್ಪನವರೂ ಕೊಡಗಿನವರೇ. ಜೋಜಿಲಾಕ್ಕೆ ಟ್ಯಾಂಕು ಹತ್ತಿಸುವ ನಿರ್ಧಾರವಾಯಿತು. ‘ಡಕ್’ ಎಂದಿದ್ದ ಕಾರ್ಯಾಚರಣೆಯ ಹೆಸರು ‘ಬೈಸನ್’ ಆಯಿತು. ಬಾತುಕೋಳಿ ಹೋಗಿ ಕಾಡುಕೋಣ ಬಂತು ಎಂದು ನಾವಿಬ್ಬರೂ ನಕ್ಕೆವು.

ಟ್ಯಾಂಕುಗಳು 7ನೇ ಲೈಟ್ ಕ್ಯಾವಲ್ರಿಯವು. ‘ಸ್ಪ್ಯಾರೋ’ ಎಂದೇ ಹೆಸರಾದ ಲೆಫ್ಟಿನೆಂಟ್ ಕರ್ನಲ್ ರಾಜಿಂದರ್ ಸಿಂಗ್ ಅದರ ಅಧಿಕಾರಿ. ಟ್ಯಾಂಕು ಅಮೆರಿಕದ ಎಂ-5 ಸ್ಟುವರ್ಟ್: ನಾಲ್ವರು ಕೂರುವ, ಸುಮಾರು 15 ಟನ್ ತೂಕದ, 37 ಮಿಮೀ ಫಿರಂಗಿಯ ಹಗುರ ಟ್ಯಾಂಕು. ಒಳಗೆ ಎರಡು ಕ್ಯಾಡಿಲ್ಯಾಕ್ ಕಾರಿನ ಎಂಜಿನ್, ಸಾಲದ್ದಕ್ಕೆ ಆಟೋಮ್ಯಾಟಿಕ್ ಗೇರು. “ಎಂತ, ಕಾರಿನ ಎಂಜಿನ್ನಾ?” ಎಂದು ಹುಡುಗ ಕಣ್ಣರಳಿಸಿದ.

ಜಮ್ಮುವಿನ ಕಡೆಯಿಂದ ಇವುಗಳನ್ನು ಗುಟ್ಟಾಗಿ ಸಾಗಿಸಬೇಕಿತ್ತು. ಅದಕ್ಕಾಗಿ ಟರೆಟ್ಟನ್ನು, ಅಂದರೆ ಫಿರಂಗಿ ಹೊತ್ತು ಸುತ್ತ ತಿರುಗುವ ಮೇಲ್ಭಾಗವನ್ನು, ಕಳಚಿದರು. ಉಳಿದದ್ದಕ್ಕೆ ಟಾರ್ಪಾಲು ಹೊದಿಸಿ ಶ್ರೀನಗರ ದಾಟಿಸಿದರು. ಬಾಲ್ಟಾಲ್‌ನಲ್ಲಿ ಮತ್ತೆ ಜೋಡಿಸಿದರು. ಅಲ್ಲಿಂದ ಮೇಲಕ್ಕಿದ್ದದ್ದು ಹೇಸರಗತ್ತೆಗಳ ಕಾಲುದಾರಿ. ಅದನ್ನು ಟ್ಯಾಂಕು ಹೋಗುವಷ್ಟು ಅಗಲ ಮಾಡಿದವರು ಮೇಜರ್ ತಂಗರಾಜು ಅವರ ಮದ್ರಾಸ್ ಸ್ಯಾಪರ್ಸ್. ಬೆಂಗಳೂರಿನ ಹಲಸೂರು ಕೆರೆಯ ಬಳಿ ಕೇಂದ್ರವಿರುವ ದಳ ಅದು. ಚಳಿಯಲ್ಲಿ, ಗುಂಡಿನ ನಡುವೆ ಬಂಡೆ ಒಡೆದರು. ನವೆಂಬರ್ 1ರಂದು ಟ್ಯಾಂಕುಗಳು ಹಿಮದಲ್ಲಿ ಮೇಲೇರಿ ಗುಮ್ರಿಯ ಬಯಲಿಗೆ ನುಗ್ಗಿದವು. ಮುಂದಿನ ಟ್ಯಾಂಕಿನಲ್ಲಿ ತಿಮ್ಮಯ್ಯನವರೇ ಇದ್ದರೆಂಬುದು ಸೈನ್ಯದಲ್ಲಿ ಇಂದಿಗೂ ಹೇಳುವ ಮಾತು. ಆ ಎತ್ತರದಲ್ಲಿ ಟ್ಯಾಂಕನ್ನು ಎದುರಾಳಿಗಳು ನಿರೀಕ್ಷಿಸಿರಲೇ ಇಲ್ಲ. ಜೋಜಿಲಾ ಅಂದೇ ಕೈಸೇರಿತು. ಅದೇ ತಿಂಗಳು ದ್ರಾಸ್, ಕಾರ್ಗಿಲ್‌ಗಳೂ ಸಿಕ್ಕಿ ಲೇಹ್‌ನ ದಾರಿ ತೆರೆಯಿತು.

ಹುಡುಗನಿಗೆ ಎಲ್ಲಕ್ಕಿಂತ ಹಿಡಿಸಿದ್ದು ಟರೆಟ್ ಕಳಚಿದ ಸಂಗತಿ. “ಇದೇ ವೇರಿಯಂಟ್ ಮಾವ! ಬೇರೆ ಯಾರ ಹತ್ತಿರವೂ ಇಲ್ಲ” ಎಂದ. ಎಂ-5 ಹೇಗೂ ಆಟದಲ್ಲಿದೆ. ಬರೇ ಭಾರತದ ಬಣ್ಣ ಬಳಿದರೆ ಹೊಸ ಟ್ಯಾಂಕು ಅನ್ನಿಸುವುದಿಲ್ಲ. ಹಾಗಾಗಿ ಟರೆಟ್ ಇಲ್ಲದ ಸ್ಟುವರ್ಟ್‌ನ ಮೂರು ಆಯಾಮದ ಚಿತ್ರವನ್ನು ಕಂಪ್ಯೂಟರಿನಲ್ಲಿ ಮಾಡಲು ಕುಳಿತ. ಪರೀಕ್ಷೆ ಹತ್ತಿರವಿದ್ದರೂ ಒಂದು ತಿಂಗಳು ಅದರ ಹಿಂದೆ ಬಿದ್ದ. ಮೇಲೆ ಒಂದು ಮೆಷಿನ್‌ಗನ್ನನ್ನೂ ಇಟ್ಟ.

“ಈ ಮೆಷಿನ್‌ಗನ್ ಎಲ್ಲಿತ್ತು?” ಎಂದೆ.

“ಇದ್ದಿರಬಹುದಲ್ವಾ?”

ನನಗೆ ಕಷ್ಟಕ್ಕಿಟ್ಟುಕೊಂಡಿತು. ಟರೆಟ್ ಇಲ್ಲದ ಸ್ಟುವರ್ಟ್ ನಿಜಕ್ಕೂ ಇತ್ತು. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರು ಟರೆಟ್ ತೆಗೆದು ಅದನ್ನು ಬೇಹಿಗೆ ಬಳಸಿದ್ದರು. ಎತ್ತರ ಕಡಿಮೆಯಾದರೆ ಶತ್ರುವಿನ ಕಣ್ಣಿಗೆ ಬೀಳುವುದೂ ಕಡಿಮೆ. ‘ಸ್ಟುವರ್ಟ್ ರೆಕ್ಕಿ’ ಎಂಬ ಹೆಸರೂ ಅದಕ್ಕಿತ್ತು. ಅದು ರೂಪಾಂತರ. ಯಾಕೆಂದರೆ ಅದು ಆ ರೂಪದಲ್ಲೇ ಕೆಲಸ ಮಾಡಿತು. ಜೋಜಿಲಾದ್ದು ಹಾಗಲ್ಲ. ಟರೆಟ್ ಇಲ್ಲದೆ ಅದು ಪ್ರಯಾಣ ಮಾಡಿತು, ಯುದ್ಧ ಮಾಡಿದ್ದು ಟರೆಟ್ ಇಟ್ಟುಕೊಂಡೇ. ಅಲ್ಲಿ ಕಳಚಿದ್ದು ವೇಷಕ್ಕಾಗಿ. ವೇಷವನ್ನೇ ರೂಪ ಎಂದು ಬರೆದರೆ, ನಾಳೆ ಆ ಚಿತ್ರ ನೋಡಿದ ಸಾವಿರ ಹುಡುಗರು ಅದನ್ನೇ ಇತಿಹಾಸ ಎಂದುಕೊಳ್ಳುತ್ತಾರೆ.

ಇದನ್ನು ಹೇಳಿದಾಗ ಅವನ ಮುಖ ಸಣ್ಣದಾಯಿತು. “ಆಟ ಅಲ್ವಾ ಮಾವ” ಎಂದ.

ಆಟವೇ. ಆದರೆ ಅದನ್ನು ಆಡುವವರಿಗೆ ನಿಜದ ಮೇಲೆ ಎಷ್ಟು ಹಟ ಎಂದರೆ, 2021ರಲ್ಲಿ ಒಬ್ಬ ಆಟಗಾರ ವಾದದಲ್ಲಿ ಗೆಲ್ಲಲು ಬ್ರಿಟನ್ನಿನ ಚಾಲೆಂಜರ್ 2 ಟ್ಯಾಂಕಿನ ರಹಸ್ಯ ಕೈಪಿಡಿಯ ಪುಟಗಳನ್ನೇ ಹಾಕಿಬಿಟ್ಟಿದ್ದ. ಆಟದ ಕಂಪನಿಯೇ ಅದನ್ನು ಅಳಿಸಬೇಕಾಯಿತು. ಒಬ್ಬ ನಿಜಕ್ಕಾಗಿ ಮಾಡಬಾರದ್ದನ್ನು ಮಾಡಿದ. ನಾವು ಇಲ್ಲದ್ದನ್ನು ಇತ್ತು ಎನ್ನಲು ಹೊರಟಿದ್ದೆವು. ಎರಡೂ ಬೇಡ ಎಂದೆ.

ದಸರಾ ರಜೆಯಲ್ಲಿ ಅವನನ್ನು ಮಡಿಕೇರಿಗೆ ಕರೆದುಕೊಂಡು ಹೋದೆ. ತಿಮ್ಮಯ್ಯನವರು ಬಾಲ್ಯ ಕಳೆದ ಸನ್ನಿಸೈಡ್ ಮನೆ 2021ರಿಂದ ಮ್ಯೂಸಿಯಂ ಆಗಿದೆ. ಅಂಗಳದಲ್ಲಿ ಒಂದು ಟಿ-55 ಟ್ಯಾಂಕು ನಿಂತಿದೆ. ಪಕ್ಕದಲ್ಲಿ ಯಾರೋ ತಮ್ಮ ಮಗುವಿಗೆ, “ಇದೇ ನೋಡು, ತಿಮ್ಮಯ್ಯನವರು ಹಿಮದಲ್ಲಿ ಹತ್ತಿಸಿದ್ದು” ಎನ್ನುತ್ತಿದ್ದರು. ನಾನು ಸುಮ್ಮನಿದ್ದೆ. ನನ್ನ ಹುಡುಗನಿಗೆ ತಡೆಯಲಾಗಲಿಲ್ಲ. “ಇಲ್ಲ ಸರ್, ಅದು ಸ್ಟುವರ್ಟ್. ಇದರ ಅರ್ಧದಷ್ಟೂ ತೂಕ ಇಲ್ಲ. ಇದನ್ನು ಆ ದಾರೀಲಿ ಹತ್ತಿಸ್ಲಿಕ್ಕೇ ಆಗ್ತಿರ್ಲಿಲ್ಲ” ಎಂದ. ಹೇಳಿ ಮುಗಿಸಿ ನನ್ನತ್ತ ನೋಡಿದ. ನಾನು ಮೆಷಿನ್‌ಗನ್ನಿನ ಮಾತೆತ್ತಲಿಲ್ಲ. ಅವನೂ ಎತ್ತಲಿಲ್ಲ.

ಊರಿಗೆ ಬಂದ ಮೇಲೆ ಅರ್ಜಿಯನ್ನು ಹೊಸದಾಗಿ ಬರೆದ. ಟ್ಯಾಂಕು: ಎಂ-5 ಸ್ಟುವರ್ಟ್, ಟರೆಟ್ ಸಮೇತ, 7ನೇ ಲೈಟ್ ಕ್ಯಾವಲ್ರಿ, 1948. ಹೊಸ ಬಂದೂಕಿಲ್ಲ, ಹೊಸ ಉಕ್ಕಿಲ್ಲ. ಹಾಗಾದರೆ ಇದರಲ್ಲಿ ಹೊಸತೇನು ಎಂಬ ಪ್ರಶ್ನೆಗೆ, ಹೊಸತಿರುವುದು ದಾರಿಯಲ್ಲಿ ಎಂದು ಉತ್ತರ ಬರೆದ. ಟ್ಯಾಂಕಿನ ಜತೆ ಜೋಜಿಲಾವನ್ನೇ ಒಂದು ಯುದ್ಧಭೂಮಿಯಾಗಿ ಸೇರಿಸಿ ಎಂದು ಕೇಳಿದ. ಅದರಲ್ಲಿ ಆಟಗಾರ ಮೊದಲು ಸ್ಯಾಪರ್‌ಗಳ ಜತೆ ದಾರಿ ಕಡಿಯಬೇಕು, ದಾರಿ ಆದ ಮೇಲಷ್ಟೇ ಟ್ಯಾಂಕು ಹೊರಡಬೇಕು ಎಂದು ಸೂಚಿಸಿದ. ಟರೆಟ್ ಕಳಚಿದ ಚಿತ್ರವನ್ನು ಅಳಿಸಲಿಲ್ಲ. ಮೆಷಿನ್‌ಗನ್ ತೆಗೆದು, ಟಾರ್ಪಾಲು ಹೊದಿಸಿ, ಕೆಳಗೆ ‘ಸಾಗಣೆಯ ಸ್ಥಿತಿಯಲ್ಲಿ’ ಎಂದು ಬರೆದು ಕೊನೆಯ ಪುಟಕ್ಕೆ ಹಾಕಿದ.

ಅರ್ಜಿ ಹೋಗಿದೆ. ದಾರಿ ಕಡಿಯುವ ಆಟವನ್ನು ಯಾರೂ ಆಡುವುದಿಲ್ಲ ಎಂದು ಅವನ ಸ್ನೇಹಿತರು ತಮಾಷೆ ಮಾಡುತ್ತಾರಂತೆ. “ಆಡದಿದ್ರೆ ಬೇಡ. ಓದಿದ್ರೆ ಸಾಕು” ಎಂದು ಅವನು ಹೇಳಿದನಂತೆ.