ಲಿಸ್ಬನ್ನಿನ ಮೊದಲನೇ ಸಂಜಿ, ನಮ್ಮ ಅತ್ತಿಯವರು ಮತ್ತ ಒಂದು ಚಾವಿ

ಸೂಟಿಗೆ ಪೋರ್ಚುಗಲ್ಲಿಗೆ ಹೋಗೋಣು ಅಂತ ನಮ್ಮನಿಯವರು ಟಿಕೀಟು ತಗಸಿದಾಗ ಅತ್ತಿಯವರು ಕೇಳಿದ್ದು ಒಂದೇ ಪ್ರಶ್ನಿ: "ಬ್ಯಾರೆ ಯಾವ ಊರೂ ಸಿಗಲಿಲ್ಲೇನು ನಿನಗ?"

ಅವರು ಹಂಗ್ಯಾಕ ಕೇಳಿದ್ರು ಅನ್ನೋದು ನಿಮ್ಮಲ್ಲಿ ಭಾಳ ಮಂದಿಗೆ ಗೊತ್ತದ. ಗೊತ್ತಿಲ್ಲದವರಿಗೆ ಹೇಳ್ತೀನಿ. ನಾನು ಧಾರವಾಡದ ಕನ್ನಡದಾಕಿ, ಕೊಟ್ಟ ಮನಿ ಕೊಂಕಣಿ ಮಾತಾಡೋರ್ದು. ಅತ್ತಿಯವರ ತವರು ಕುಮಟಾ, ಕುಲದೇವರು ಗೋವಾದ ಮಂಗೇಶ. ಆ ದೇವರು ಮೊದಲಿಗೆ ಇದ್ದದ್ದು ಈಗಿನ ಜಾಗಾದಾಗ ಅಲ್ಲ, ಜುವಾರಿ ನದಿ ದಂಡಿ ಮ್ಯಾಲಿನ ಕುಶಸ್ಥಳಿಯೊಳಗ. ಪೋರ್ತುಗೀಜರು ಗುಡಿ ಒಡಿಲಿಕ್ಕೆ ಸುರು ಮಾಡಿದಾಗ, 1560ರ ಸುಮಾರಿಗೆ, ಭಕ್ತರು ಲಿಂಗಾನ ಹೊಳಿ ದಾಟಿಸಿ ಪ್ರಿಯೋಳಕ್ಕ ಒಯ್ದರು. ಅದು ಆಗ ನಮ್ಮ ವಿಜಾಪುರದ ಆದಿಲಶಾಹಿ ಕೈಯಾಗಿನ ಸೀಮಿ. ದೇವರು ಆ ಕಡೆ, ಮನಿತನಗಳು ಈ ಕಡೆ, ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ ಅಂತ ಹಂಚಿ ಹೋದ್ವು. ನಮ್ಮ ಅತ್ತಿಯವರು ಈ ಕಥಿ ಹೇಳೋವಾಗ ಅದು ನಾನೂರಾ ಅರವತ್ತು ವರ್ಷದ ಹಿಂದಿನ ಮಾತು ಅಂತ ಅನಸಂಗಿಲ್ಲ, ಹೋದ ವಾರ ಆದಂಗ ಹೇಳ್ತಾರ.

ಅಂಥಾವರನ್ನ ಕರಕೊಂಡು ಆ ಆಜ್ಞಾ ಹೊರಟ ಊರಿಗೇ ಹೋಗಿ ಇಳದ್ವಿ.

ವಿಮಾನ ಬದಲಿಸಿ, ನಿದ್ದಿಗೆಟ್ಟು, ಮಧ್ಯಾಹ್ನ ಹೊಳ್ಳೋ ಹೊತ್ತಿಗೆ ಮುಟ್ಟಿದ್ವಿ. ವಿಮಾನ ನಿಲ್ದಾಣದಿಂದನ ಮೆಟ್ರೋ ಅದ. ಕೆಂಪು ಮಾರ್ಗದಾಗ ಕೂತು ಅಲಮೇಡಾದಾಗ ಇಳದು, ಹಸರು ಮಾರ್ಗ ಹಿಡದು ರೊಸಿಯು ಚೌಕಕ್ಕ ಬಂದ್ವಿ. ಮೆಟ್ಟಲಾ ಏರಿ ಬೆಳಕಿಗೆ ಬಂದದ್ದ ತಡ, ಅತ್ತಿಯವರು ನನ್ನ ರಟ್ಟಿ ಗಟ್ಟಿ ಹಿಡಕೊಂಡ್ರು. ನೆಲಾ ತೆರಿ ತೆರಿ ಆಗಿ ಹೊಯ್ದಾಡಲಿಕತ್ತಿತ್ತು! ಕರೀ ಬಿಳೀ ಸಣ್ಣ ಕಲ್ಲು ಜೋಡಿಸಿ, ಇಡೀ ಚೌಕದ ತುಂಬ ಸಮುದ್ರದ ತೆರಿ ಮೂಡಿಸ್ಯಾರ, 19ನೇ ಶತಮಾನದ ನಡುವಿನ ಕೆಲಸ. ನೆಲ ಸಪಾಟ ಅದ, ಕಣ್ಣಿಗೆ ಮಾತ್ರ ತಗ್ಗು ದಿನ್ನಿ. ಎರಡು ವಿಮಾನದಾಗ ಕೂತು ಬಂದ ಕಾಲಿಗೆ ಅದು ಬ್ಯಾಡಾಗಿತ್ತು.

ಬಾಡಿಗಿ ಮನಿ ಹತ್ರದಾಗನ, ಮೂರನೇ ಅಂತಸ್ತು, ಲಿಫ್ಟ್ ಇಲ್ಲ. ಕೆಳಗಿನ ಮನಿಯ ಮುದುಕಿ ನಮಗ ಕೀಲಿಕೈ ಕೊಡಬೇಕಿತ್ತು. ಆಕಿಗೆ ಇಂಗ್ಲಿಷ್ ಬರೂದಿಲ್ಲ, ನಮಗ ಆಕಿ ಭಾಷಾ ಬರೂದಿಲ್ಲ. ಆಕಿ ಕೈ ಎತ್ತಿ ತೋರಿಸಿ "ಶಾವ್, ಶಾವ್" ಅಂದ್ಲು. ನಾವಿಬ್ಬರು ಮಾರಿ ಮಾರಿ ನೋಡಿಕೊಂಡ್ವಿ. ಅತ್ತಿಯವರು ಹಿಂದಿಂದ, "ಚಾವಿ ಅಂತಾಳಲ್ಲೋ, ತಗೋ!" ಅಂದ್ರು.

ನಾವು ದಿನಾ ಅನ್ನೋ ಚಾವಿ ಇವರದು. ಬಟಾಟಿ ಇವರದು. ಪೇರಲ ಹಣ್ಣಿನ ಹೆಸರು ಇವರ ಪೇರಾ, ಅವರಲ್ಲೆ ಅದು ಬ್ಯಾರೆ ಹಣ್ಣು ಅನ್ನೋದು ಬ್ಯಾರೆ ಮಾತು. ತಿಂಗಳಾ ತಿಂಗಳಾ ಕಾಯೋ ಪಗಾರಾನೂ ಇವರದ. ಅತ್ತಿಯವರ ಕೊಂಕಣಿಯೊಳಗಂತೂ ಕಿಡಕಿಗೆ ಜನೇಲ್ ಅಂತಾರ, ಮುದುಕಿ ಮ್ಯಾಲ ಬಂದು ಕಿಡಕಿ ತಗದು ತೋರಿಸಿ ಅದನ್ನೇ ಅಂದ್ಲು. ಐದು ನಿಮಿಷದಾಗ ಇಬ್ಬರೂ ಒಂದೊಂದು ಸಾಮಾನು ಮುಟ್ಟಿ ಹೆಸರು ಹೇಳಿಕೋತ ಮನಿ ತುಂಬ ಅಡ್ಡಾಡಿದ್ರು. ನಾನು ಚೀಲ ಬಿಚ್ಚೋದು ಬಿಟ್ಟು ನೋಡಿಕೋತ ನಿಂತೆ. ಚಹಾ ಮಾತ್ರ ನಮ್ಮದೂ ಅಲ್ಲ, ಅವರದೂ ಅಲ್ಲ. ಅವರು ಶಾ ಅಂತಾರ, ಇಬ್ಬರಿಗೂ ಆ ಮಾತು ಚೀನಾದಿಂದ ಬಂದದ್ದು.

ಬರೇ ಹೆಸರಲ್ಲ, ನಮ್ಮ ಅಡಗಿಮನೀನ ಇವರ ಹಡಗಿಗೆ ಸಾಲಗಾರ. ಮೆಣಸಿನಕಾಯಿ, ಗೋಡಂಬಿ, ಅನಾನಸ್, ಎಲ್ಲಾ ಅಮೆರಿಕಾ ಖಂಡದವು, ಇವರ ಹಡಗಿನಾಗ ನಮ್ಮ ಕಡೆ ಬಂದ್ವು. ಬ್ಯಾಡಗಿ ಮೆಣಸಿನಕಾಯಿ ಇಲ್ಲದ ಕಾಲ ನೆನಸಿಕೊಳ್ರಿ. ಖಾರಕ್ಕ ಕರೀ ಮೆಣಸು ಇತ್ತು ನಮಗ, ಅದನ್ನ ಹುಡಿಕಿಕೊಂಡೇ ಇವರು ಬಂದದ್ದು.

ಸಂಜಿಗೆ ಕೆಳಗಿಳದು ಚೌಕಕ್ಕ ಹೋದ್ವಿ. ಉತ್ತರಕ್ಕ ಬಿಳೀ ಕಂಬದ ಚಂದನ ಕಟ್ಟಡ, ಎರಡನೇ ಮರಿಯಾ ರಾಣಿ ಹೆಸರಿನ ರಾಷ್ಟ್ರೀಯ ನಾಟಕಶಾಲಾ. ನಾನು ಮೊದಲ ಓದಿಕೊಂಡು ಬಂದಿದ್ದೆ, ಹೇಳಬೇಕೋ ಬ್ಯಾಡೋ ಅಂತ ಮನಸು ಹೊಯ್ದಾಡಿತು. ಕಡೀಕೆ ಹೇಳೇಬಿಟ್ಟೆ. ಅಲ್ಲೆ ಮೊದಲಿಗೆ ಇದ್ದದ್ದು ಎಸ್ತಾವುಸ್ ಅನ್ನೋ ಅರಮನಿ, ಇನ್‌ಕ್ವಿಸಿಶನ್ನಿನ ಠಾಣಾ. ಧರ್ಮ ತಪ್ಪಿದವರು ಅಂತ ಮಂದೀನ ಹಿಡದು ವಿಚಾರಣಾ ಮಾಡೋ ಕಚೇರಿ. ಪೋರ್ಚುಗಲ್ಲಿನಾಗ 1536ಕ್ಕ ಸುರು ಆತು, ಗೋವಾಕ್ಕ 1560ರಲ್ಲಿ ಬಂತು. ನಡುವ ನಾಕು ವರ್ಷ ಬಿಟ್ಟರ ಗೋವಾದಾಗ 1812ರ ತನಕಾ ನಡೀತು. ಇಲ್ಲಿನ ಆ ಅರಮನಿ 1836ರಾಗ ಸುಟ್ಟು ಹೋತು, ಅದರ ಜಾಗಾದಾಗ ನಾಟಕಶಾಲಾ ಎದ್ದಿತು.

ಅತ್ತಿಯವರು ಭಾಳೊತ್ತು ಸುಮ್ಮನ ನಿಂತ್ರು. ಆಮ್ಯಾಲ, "ನಾಟಕ ಆಡಲಿ ಬಿಡು, ಚಲೋ ಆತು" ಅಂದ್ರು.

ಅದರ ಬಾಜೂಕೇ ಸೇಂಟ್ ಡೊಮಿನಿಕ್ ಚರ್ಚಿನ ಸಣ್ಣ ಬಯಲು. ಅಲ್ಲೊಂದು ದುಂಡಗಿನ ಸ್ಮಾರಕದ ಕಲ್ಲು, ಅದರ ಮ್ಯಾಲ ಯಹೂದಿಗಳ ಆರು ಮೂಲಿ ನಕ್ಷತ್ರ. 1497ರಾಗ, ಅಂದ್ರ ವಾಸ್ಕೋ ಡ ಗಾಮಾ ಹಡಗು ಏರಿದ ಅದೇ ವರ್ಷ, ಮ್ಯಾನುಯೆಲ್ ರಾಜಾ ತನ್ನ ರಾಜ್ಯದ ಯಹೂದಿಗಳನ್ನೆಲ್ಲ ಒತ್ತಾಯದಿಂದ ಕ್ರೈಸ್ತರನ್ನ ಮಾಡಿಸಿದ. ಅಷ್ಟಾದರೂ ಅವರಿಗೆ ನೆಮ್ಮದಿ ಸಿಗಲಿಲ್ಲ. 1506ರ ಏಪ್ರಿಲ್‌ದಾಗ, ಬರ ಮತ್ತ ಪ್ಲೇಗಿನ ನಡುವ, ಈ ಚರ್ಚಿನೊಳಗ ಸುರುವಾದ ದಂಗೆಯೊಳಗ ಸಾವಿರಕ್ಕಿಂತ ಹೆಚ್ಚು ಮಂದೀನ ಕೊಂದ್ರು. ಕಲ್ಲು ನಿಲ್ಲಿಸಿದ್ದು 2008ರಾಗ. ನಮ್ಮ ಅತ್ತಿಯವರಿಗೆ ಇದು ಹೊಸಾದು. ಗೋವಾದ ಕಥಿ ನಮ್ಮ ಮ್ಯಾಲಷ್ಟೇ ಬಂದದ್ದು ಅಂತ ಅವರು ತಿಳಕೊಂಡಿದ್ರು. "ಇಲ್ಲೆ ತಮ್ಮ ಮನ್ಯಾಗನ ಕಲತು ಆಮ್ಯಾಲ ನಮ್ಮ ಕಡೆ ಬಂದ್ರೇನು?" ಅಂತ ಕೇಳಿದ್ರು. ನಾನು ಓದಿದ ಪುಸ್ತಕದಾಗ ಇಷ್ಟು ಸರಳ ಯಾರೂ ಹೇಳಿರಲಿಲ್ಲ.

ಚೌಕದಿಂದ ತಲಿ ಎತ್ತಿದ್ರ ಗುಡ್ಡದ ಮ್ಯಾಲ ಮ್ಯಾಲ್ಛಾವಣಿ ಇಲ್ಲದ ಕಾರ್ಮೋ ಚರ್ಚು, ಬರೇ ಕಮಾನು ಉಳದಾವ. 1755ರ ನವೆಂಬರ್ 1, ಸಕಲ ಸಂತರ ಹಬ್ಬ, ಮುಂಜಾನಿ ಮಂದಿಯೆಲ್ಲಾ ಚರ್ಚಿನಾಗ ಇದ್ದಾಗ ಭೂಕಂಪ ಆತು. ಹಚ್ಚಿಟ್ಟ ಮೇಣಬತ್ತಿಯಿಂದ ಬೆಂಕಿ, ನದಿ ಕಡಿಂದ ಸಮುದ್ರದ ನೀರು. ನದಿ ದಂಡಿ ಮ್ಯಾಲಿನ ಅರಮನಿ, ಅದರ ಜೋಡಿ ಹಿಂದೂಸ್ಥಾನದ ವ್ಯಾಪಾರ ನೋಡಿಕೊಳ್ಳೋ ಕಚೇರಿ, ಎಲ್ಲಾ ಹೋದ್ವು. ರಾಜಾ ಜೋಸೆ ಬದುಕಿಕೊಂಡ, ಆದ್ರ ಕಲ್ಲಿನ ಮನಿಯೊಳಗ ಮಲಗಲಿಕ್ಕೆ ಹೆದರಿ ಉಳದ ಆಯುಷ್ಯ ಕಟಗಿ ಮನಿಯೊಳಗ ಕಳದ. ಮಂತ್ರಿ ಪೊಂಬಾಲ್ ಊರು ಹೊಸಾದಾಗಿ ಕಟ್ಟಿಸಿದ, ಓಣಿ ನೆಟ್ಟಗ, ಗ್ವಾಡಿಯೊಳಗ ಕಟಗಿಯ ಪಂಜರ, ನೆಲ ನಡುಗಿದ್ರ ಮನಿ ಬಗ್ಗಬೇಕು, ಮುರೀಬಾರದು ಅಂತ. ಮರುದಿನ ಅಂಗಡಿಗೆ ಹೋಗೋ ಓಣಿ ಹೆಸರು ಕೇಳಿ ನಮಗ ನಗು: ಬೆಳ್ಳಿ ಓಣಿ, ಬಂಗಾರದ ಓಣಿ, ಚಮ್ಮಾರರ ಓಣಿ. ಹುಬ್ಬಳ್ಳಿ ಪ್ಯಾಟಿನ.

ಊಟಕ್ಕ ಬಟಾಟಿ ಮತ್ತ ಹಸರು ಸೊಪ್ಪಿನ ಸಾರು ಸಿಕ್ಕಿತು, ಮಾಂಸ ಹಾಕಬ್ಯಾಡ ಅಂತ ಕೈ ಮಾಡಿ ತಿಳಿಸಿದ್ವಿ. ಅಲ್ಲೆ ನಮ್ಮನಿಯವರು ಮರುದಿನದ ಮಾತು ತಗದ್ರು, ಬೆಲೆಂ, ಜೆರೊನಿಮೊಸ್ ಮಠ, ವಾಸ್ಕೋನ ಗೋರಿ. ಅತ್ತಿಯವರು ಚಮಚಾ ಇಟ್ಟರು.

"ನಾ ಒಳಗ ಬರಂಗಿಲ್ಲ."

"ಆಯೀ, ಅಂವಾ ಕೊಚ್ಚಿಯೊಳಗ ಸತ್ತದ್ದು 1524ಕ್ಕ. ಗೋವಾದಾಗ ಇನ್‌ಕ್ವಿಸಿಶನ್ ಬಂದದ್ದು 1560ಕ್ಕ. ಅವನ ಕೈ ಇಲ್ಲ ಅದರಾಗ."

"ಬಾಗಲಾ ತಗದಾಂವ ಯಾರು?"

ಅದಕ್ಕ ನಮ್ಮನಿಯವರ ಕಡೆ ಉತ್ತರ ಇರಲಿಲ್ಲ. ನನ್ನ ಕಡೆನೂ ಇರಲಿಲ್ಲ, ಆದ್ರ ಮಠ ನೋಡೋ ಆಶಾ ಇತ್ತು. ಖರೇನ ಹೇಳ್ತೀನಿ, ಅವತ್ತು ರಾತ್ರಿ ಅತ್ತಿಯವರ ಮ್ಯಾಲ ನನಗ ಸಿಟ್ಟೂ ಬಂದಿತ್ತು. ಇಷ್ಟು ರೊಕ್ಕಾ ಹಾಕಿ ಬಂದು ಬಾಗಲದಾಗ ಕೂಡೋದು ಏನು ಅಂತ.

ಮರುದಿನ ಅವರು ಎದರಿನ ತ್ವಾಟದಾಗ ಕೂತ್ರು, ನಾವು ಹೋಗಿ ಬಂದ್ವಿ. ಮಠದ ಖರ್ಚಿನ ದೊಡ್ಡ ಪಾಲು ಮಸಾಲಿ ವ್ಯಾಪಾರದ ತೆರಿಗಿಯಿಂದ ಬಂದದ್ದು. ಕಂಬಗಳನ್ನ ನೋಡಿದ್ರ ಕಣ್ಣು ತಿರಗತದ, ಕಲ್ಲಿನಾಗ ಹಡಗಿನ ಹಗ್ಗ ಕೆತ್ತ್ಯಾರ. ಬಾಗಲದ ಹತ್ರನ ಅವನ ಗೋರಿ.

ಹೊರಗ ಬಂದ ಕೂಡಲೇ ಅತ್ತಿಯವರು ಕೇಳಿದ್ರು, "ಹೆಂಗದ?"

"ಕಲ್ಲಿಂದ್ರಿ. ಮ್ಯಾಲ ಅವನ ಮೂರ್ತಿ ಮಲಗಿಸ್ಯಾರ. ಕೈ ಮುಗದಾನ."

"ಈಗ ಮುಗದಾನ?" ಅಂದ್ರು. ಸೆರಗು ಜಾಡಿಸಿ ಎದ್ರು, ಬಿಸಲು ಏರಿತ್ತು, ನದಿ ಕಡೆ ಹೊಂಟ್ವಿ.