ಅನುಪಾತ ಮೊದಲು, ಸೂತ್ರ ಆಮೇಲೆ: ದಾವಣಗೆರೆ–ಹರಿಹರದ ಅಂಕಿಗಳಲ್ಲಿ ಘಾತೀಯ ವೃದ್ಧಿ ಮತ್ತು ಕ್ಷಯ

ಎಂಟನೇ ತರಗತಿಯ ಗಣಿತದಲ್ಲಿ ಚಕ್ರಬಡ್ಡಿಯ ಬೆನ್ನಿಗೇ ಜನಸಂಖ್ಯೆ, ಬ್ಯಾಕ್ಟೀರಿಯಾ, ಯಂತ್ರದ ಸವಕಳಿ ಕುರಿತ ಲೆಕ್ಕಗಳು ಬರುತ್ತವೆ. ಮೂರಕ್ಕೂ ಸೂತ್ರ ಒಂದೇ. ಏರಿಕೆಯಾದರೆ (1 + ದರ), ಇಳಿಕೆಯಾದರೆ (1 − ದರ). ಅವಧಿ ಎಷ್ಟೋ ಅಷ್ಟರ ಘಾತಕ್ಕೆ ಅದನ್ನು ಏರಿಸಿ ಮೊದಲ ಬೆಲೆಯನ್ನು ಗುಣಿಸಬೇಕು. ಇದನ್ನು ಮಕ್ಕಳು ಬೇಗ ಕಲಿಯುತ್ತಾರೆ. ಆದರೆ ಸಮಾನ ಅವಧಿಗಳಲ್ಲಿ ಬದಲಾಗದೆ ಉಳಿಯುವುದು ವ್ಯತ್ಯಾಸವೋ ಅನುಪಾತವೋ ಎಂದು ಕೇಳುವ ಅವಕಾಶ ಅವರಿಗೆ ಸಿಗುವುದಿಲ್ಲ. ದರವನ್ನು ಕೈಗಿಟ್ಟೇ ಲೆಕ್ಕ ಶುರುವಾಗುತ್ತದೆ. ಆ ಪ್ರಶ್ನೆಯನ್ನು ವಿದ್ಯಾರ್ಥಿಗೇ ಬಿಡಬೇಕು, ಅದಕ್ಕೆ ಊರಿನ ಅಂಕಿಗಳೇ ಸಾಕು ಎಂಬುದು ಈ ಲೇಖನದ ವಾದ.

ದಾವಣಗೆರೆ ನಗರದ ಜನಸಂಖ್ಯೆ 1981ರ ಜನಗಣತಿಯಲ್ಲಿ ಸುಮಾರು 1.97 ಲಕ್ಷ, 1991ರಲ್ಲಿ 2.66 ಲಕ್ಷ, 2001ರಲ್ಲಿ 3.64 ಲಕ್ಷ. ವ್ಯತ್ಯಾಸಗಳು 0.69 ಮತ್ತು 0.98 ಲಕ್ಷ, ಸಮನಲ್ಲ. ಅನುಪಾತಗಳು 1.35 ಮತ್ತು 1.37, ಹೆಚ್ಚುಕಡಿಮೆ ಸಮ. ಹಾಗಾಗಿ 2001ರಲ್ಲಿ ನಿಂತು ನೋಡಿದವರಿಗೆ ಇದು ಘಾತೀಯ ವೃದ್ಧಿ ಎನ್ನಲು ಗಟ್ಟಿ ಆಧಾರವಿತ್ತು. 1.37ನ್ನೇ ಮುಂದುವರಿಸಿದರೆ 2011ಕ್ಕೆ ಸುಮಾರು 4.99 ಲಕ್ಷ ಬರಬೇಕು. ಎಣಿಕೆಯಲ್ಲಿ ಬಂದದ್ದು ಸುಮಾರು 4.35 ಲಕ್ಷ, ಅನುಪಾತ 1.195. ಗುಣಾಕಾರ ತಪ್ಪಿಲ್ಲ, ಸೂತ್ರವೂ ತಪ್ಪಿಲ್ಲ. ದರ ಬದಲಾಗುವುದಿಲ್ಲ ಎಂಬ ಊಹೆ ನಿಲ್ಲಲಿಲ್ಲ. ‘ಇದೇ ದರದಲ್ಲಿ ಹೆಚ್ಚಿದರೆ’ ಎಂಬ ಮೂರು ಪದಗಳ ಮೇಲೆ ಇಡೀ ಲೆಕ್ಕ ನಿಂತಿರುತ್ತದೆ ಎಂಬುದನ್ನು ಕಾಣಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋರದು.

ಇದೇ ಅಂಕಿಗಳಲ್ಲಿ ಇನ್ನೊಂದು ತೊಡಕಿದೆ. 1991–2001ರ ಏರಿಕೆ ಶೇ. 36.8. ಇದನ್ನು ಹತ್ತರಿಂದ ಭಾಗಿಸಿ ವರ್ಷಕ್ಕೆ ಶೇ. 3.68 ಎನ್ನುವುದು ಸಾಮಾನ್ಯ. ಆ ದರವನ್ನು ವರ್ಷವರ್ಷವೂ ಹಿಂದಿನ ವರ್ಷದ ಸಂಖ್ಯೆಯ ಮೇಲೆ ಸೇರಿಸುತ್ತ ಹೋದರೆ 2001ಕ್ಕೆ 3.82 ಲಕ್ಷ ಬರುತ್ತದೆ, ನಿಜಕ್ಕಿಂತ 18 ಸಾವಿರ ಹೆಚ್ಚು. ಸರಿಯಾದ ವಾರ್ಷಿಕ ದರ ಸುಮಾರು ಶೇ. 3.2; ದರವೂ ಕಾಲಮಾನವೂ ಒಂದೇ ಅಳತೆಯಲ್ಲಿರಬೇಕು.

ಲಾಗರಿತಮ್ ತಿಳಿಯದ ಮಗು ಈ ವಾರ್ಷಿಕ ದರವನ್ನು ಕಂಡುಕೊಳ್ಳುವುದು ಹೇಗೆ? ಇಲ್ಲಿ ಮಹಾವೀರಾಚಾರ್ಯನನ್ನು ನೆನೆಯಬೇಕು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೇ ಶತಮಾನದಲ್ಲಿ, ಆತ ಬರೆದ ‘ಗಣಿತಸಾರಸಂಗ್ರಹ’ದಲ್ಲಿ ಎರಡು ನಾಣ್ಯಗಳಿಂದ ಶುರುಮಾಡಿ ಊರಿಂದೂರಿಗೆ ಮೂರುಪಟ್ಟು ಗಳಿಸುವವನ ಲೆಕ್ಕವಿದೆ, ಎಂಟನೇ ಊರಿನ ಗಳಿಕೆ ಎಷ್ಟು? ಊರು ಎಂಟಾದರೂ ಗುಣಿಸುವುದು ಏಳೇ ಸಲ, ಉತ್ತರ 4,374. ಘಾತ ಕಟ್ಟಲು ಆತನ ವಿಧಾನ ಇಂದಿಗೂ ಉಪಯುಕ್ತ: ಘಾತಾಂಕ ಸಮವಿದ್ದರೆ ಅರ್ಧಮಾಡಿ ವರ್ಗಿಸು, ಬೆಸವಿದ್ದರೆ ಒಂದು ಕಳೆದು ಗುಣಿಸು. 2001–2011ರ ವಾರ್ಷಿಕ ಗುಣಕ 1.018 ಇರಬಹುದೆಂದು ಊಹಿಸಿ ಪರೀಕ್ಷಿಸೋಣ. ಎರಡನೇ ಘಾತ 1.0363, ನಾಲ್ಕನೆಯದು 1.0740, ಐದನೆಯದು 1.0933, ಅದನ್ನು ವರ್ಗಿಸಿದರೆ ಹತ್ತನೆಯದು 1.1953. ನಾಲ್ಕೇ ಗುಣಾಕಾರದಲ್ಲಿ ಜನಗಣತಿಯ ಅನುಪಾತ ಕೈಗೆ ಸಿಕ್ಕಿತು.

ಕ್ಷಯಕ್ಕೆ ಹರಿಹರವೇ ಉದಾಹರಣೆ ಕೊಡುತ್ತದೆ. ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್‌ಗಳನ್ನು ತಯಾರಿಸಿದ ಊರು ಇದು. ಆದಾಯ ತೆರಿಗೆಯ ಲೆಕ್ಕದಲ್ಲಿ ಸಾಮಾನ್ಯ ಯಂತ್ರೋಪಕರಣಗಳ ಸವಕಳಿ ವರ್ಷಕ್ಕೆ ಶೇ. 15, ಅದೂ ಉಳಿದ ಬೆಲೆಯ ಮೇಲೆ. ಒಂದು ಲಕ್ಷದ ಲೇತ್ ವರ್ಷದ ಕೊನೆಗೆ 85,000, ಎರಡನೇ ವರ್ಷಕ್ಕೆ 72,250, ನಾಲ್ಕಕ್ಕೆ ಸುಮಾರು 52,200, ಐದಕ್ಕೆ ಸುಮಾರು 44,400 ರೂಪಾಯಿ. ಬೆಲೆ ಅರ್ಧವಾಗುವುದು ನಾಲ್ಕು ಮತ್ತು ಐದು ವರ್ಷಗಳ ನಡುವೆ. ಪ್ರೌಢಶಾಲೆಗೆ ಇಷ್ಟು ಉತ್ತರ ಸಾಕು, 4.27 ಎಂಬ ನಿಖರತೆ ಪಿಯುಸಿಯ ಲಾಗರಿತಮ್‌ಗೆ ಕಾಯಲಿ. ಪ್ರತಿ ವರ್ಷ ಮೂಲಬೆಲೆಯಿಂದಲೇ 15,000 ಕಳೆಯುವ ಹುಡುಗನ ಲೇತ್ ಏಳು ವರ್ಷ ತುಂಬುವ ಮೊದಲೇ ಸೊನ್ನೆಗೆ ಇಳಿದಿರುತ್ತದೆ. ಏಳನೇ ವರ್ಷದ ಸಾಲಿನಲ್ಲಿ ಅವನಿಗೆ ಋಣ ಬೆಲೆ ಎದುರಾಗಲಿ. ವ್ಯತ್ಯಾಸವೋ ಅನುಪಾತವೋ ಎಂದು ಅವನೇ ಹಿಂದಿರುಗಿ ನೋಡುವುದು ಆಗಲೇ.